ಗುಂಡನ ಒಂಬತ್ತು ಹೊಗೆಯ ದಿನಗಳು: ಉಸಿರಾಟದ ತೊಂದರೆ ಇದ್ದ ಒಂದು ಪಗ್‌ನ ಪ್ರಕರಣ

ಮೊದಲ ಫೋನ್ ಬಂದದ್ದು ಹೊಗೆ ಶುರುವಾದ ದಿನವೇ. "ಡಾಕ್ಟ್ರೇ, ಕಾಡಿಗೆ ಬೆಂಕಿ ಬಿದ್ದಿದೆಯಂತೆ. ಅರವತ್ತು ಕಿಲೋಮೀಟರ್ ದೂರ. ಆದ್ರೂ ಇಲ್ಲಿ ವಾಸನೆ ಬರ್ತಿದೆ. ಗುಂಡನಿಗೆ ಏನಾದ್ರೂ ಆಗತ್ತಾ?" ಎಂದು ಗುಂಡನನ್ನು ಸಾಕಿದ ಮನೆಯವರು ಕೇಳಿದರು. ನಾನು ಆಗಷ್ಟೇ ಇನ್ನೊಂದು ನಾಯಿಗೆ ಹೊಲಿಗೆ ಹಾಕಿ ಕೈ ತೊಳೆಯುತ್ತಿದ್ದೆ. "ಕಿಟಕಿ ಬಾಗಿಲು ಎಲ್ಲಾ ಮುಚ್ಚಿಡಿ, ಹೊರಗೆ ಜಾಸ್ತಿ ಬಿಡಬೇಡಿ" ಎಂದೆ. ಅಷ್ಟೇ ಹೇಳಿದ್ದು. ಮೂರನೇ ದಿನ ರಾತ್ರಿ ಹನ್ನೊಂದೂವರೆಗೆ ತಾಯಿ ಮಗಳು ಇಬ್ಬರೂ ಗುಂಡನನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದರು.

ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಒಂದು ಕಾರಣವಿದೆ. ಗುಂಡನನ್ನು ಆ ಸ್ಥಿತಿಗೆ ತಂದದ್ದು ಹೊಗೆಯೊಂದೇ ಅಲ್ಲ. ಹೊಗೆಯಿಂದ ಕಾಪಾಡಲು ನಾವೆಲ್ಲ ಸೇರಿ ಮಾಡಿದ ಕೆಲಸವೂ ಅದರಲ್ಲಿ ಸೇರಿತ್ತು.

ಆ ರಾತ್ರಿ ಕಂಡದ್ದು

ಗುಂಡ ಆರು ವರ್ಷದ ಗಂಡು ಪಗ್. ತೂಕ 11.4 ಕೆಜಿ. ಪಗ್ ಜಾತಿಯ ನಾಯಿ 8 ಕೆಜಿ ಆಸುಪಾಸಿನಲ್ಲಿ ಇರಬೇಕು. ಹಾಗಾಗಿ ಮೂರು ಕೆಜಿಗೂ ಜಾಸ್ತಿ ಕೊಬ್ಬು ಅವನ ಎದೆ, ಕುತ್ತಿಗೆ, ಗಂಟಲ ಸುತ್ತ ಕೂತಿತ್ತು.

ಮೇಜಿನ ಮೇಲೆ ಇಟ್ಟಾಗ ಅವನು ಮಲಗಲಿಲ್ಲ, ಕೂರಲೂ ಇಲ್ಲ. ಮುಂಗಾಲುಗಳನ್ನು ಅಗಲಿಸಿ ಮೊಣಕೈ ಹೊರಕ್ಕೆ ಚಾಚಿ ನಿಂತಿದ್ದ. ಕುತ್ತಿಗೆ ಮುಂದಕ್ಕೆ ಚಾಚಿದ್ದ. ಪ್ರತಿ ಉಸಿರಿಗೂ ಹೊಟ್ಟೆ ಒಳಸೇರುತ್ತಿತ್ತು. ಗಂಟಲಿನಿಂದ ಗರಗಸದಂಥ ಸದ್ದು. ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರನ್ನು ನಾಲಿಗೆಗೆ ಹಾಕಿದಾಗ ಶೇಕಡಾ 91 ತೋರಿಸಿತು. ಆರೋಗ್ಯವಾಗಿರುವ ನಾಯಿಯಲ್ಲಿ ಅದು 95ಕ್ಕಿಂತ ಮೇಲಿರಬೇಕು. ಮೈ ಬಿಸಿ ನೋಡಿದೆ. 40.1 ಡಿಗ್ರಿ ಸೆಲ್ಸಿಯಸ್.

ಆ ಸಂಖ್ಯೆ ನೋಡಿ ನನಗೆ ಆಶ್ಚರ್ಯವಾಯಿತು. ನಾಯಿಯ ಸಹಜ ಮೈಬಿಸಿ 38.3ರಿಂದ 39.2. ಬರೀ ಹೊಗೆ ಕುಡಿದ ನಾಯಿಗೆ ಇಷ್ಟು ಬೇಗ ಇಷ್ಟು ಮೈಬಿಸಿ ಏಕೆ? ಸೋಂಕಿನ ಜ್ವರ ಇರಬಹುದು, ಇಲ್ಲವೇ ಸೆಖೆಯಿಂದ ಆಗಿರಬಹುದು. ಯೋಚಿಸುತ್ತಾ ನಿಲ್ಲುವ ಹೊತ್ತು ಅದಲ್ಲ.

ಉಸಿರು ಸಿಗದ ನಾಯಿಯನ್ನು ಹಿಡಿದು ಪರೀಕ್ಷೆ ಮಾಡಲು ಹೋದರೆ ಅದು ಇನ್ನಷ್ಟು ಗಾಬರಿಯಾಗುತ್ತದೆ. ಗಾಬರಿಯಾದಷ್ಟೂ ಜೋರಾಗಿ ಎಳೆಯುತ್ತದೆ. ಜೋರಾಗಿ ಎಳೆದಷ್ಟೂ ಗಂಟಲಿನ ಸಡಿಲ ಮಾಂಸ ಒಳಕ್ಕೆ ಸೆಳೆದು ದಾರಿ ಮುಚ್ಚುತ್ತದೆ. ಆದ್ದರಿಂದ ಮೊದಲು ಕೈ ತೆಗೆದೆವು. ಮುಖದ ಹತ್ತಿರ ಮಾಸ್ಕ್ ಹಿಡಿದರೆ ತಲೆ ಕೊಡವುತ್ತಿದ್ದ, ಅದಕ್ಕೇ ಆಕ್ಸಿಜನ್ ಪೆಟ್ಟಿಗೆಯೊಳಗೆ ಬಿಟ್ಟೆವು. ಗಾಬರಿ ಇಳಿಸುವ ಒಂದು ಸಣ್ಣ ಇಂಜೆಕ್ಷನ್, ಗಂಟಲ ಊತ ಇಳಿಸಲು ಒಂದು ಸಲ ಸ್ಟೀರಾಯ್ಡ್. ಹೊಟ್ಟೆಗೂ ಪಾದಗಳಿಗೂ ತಣ್ಣೀರು ಹಚ್ಚಿ ಫ್ಯಾನ್ ಗಾಳಿ. ಐಸ್ ಇಡಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮೈಬಿಸಿ 38.9ಕ್ಕೆ ಇಳಿಯಿತು, ಆಕ್ಸಿಮೀಟರ್ 97 ತೋರಿಸಿತು. ಗುಂಡ ಗಲ್ಲ ಪೆಟ್ಟಿಗೆಯ ಅಂಚಿಗೆ ಇಟ್ಟು ನಿದ್ದೆ ಹೋದ.

ಬೆಳಿಗ್ಗೆ ಎಕ್ಸ್‌ರೇ ತೆಗೆದೆವು. ನ್ಯುಮೋನಿಯಾ ಇರಲಿಲ್ಲ. ಶ್ವಾಸನಾಳದ ಗೋಡೆಗಳು ಸ್ವಲ್ಪ ದಪ್ಪಗಾಗಿದ್ದವು. ಹೃದಯದ ಗಾತ್ರ ಸರಿಯಿತ್ತು.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಕಿಯ ಹತ್ತಿರವೇ ಸಿಕ್ಕಿಬಿದ್ದ ನಾಯಿಯಾದರೆ ಆಕ್ಸಿಮೀಟರ್ ನಂಬಬೇಡಿ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡಿದ್ದರೂ ಆ ಯಂತ್ರ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಗುಂಡ ಬೆಂಕಿಯಿಂದ ಅಷ್ಟು ದೂರವಿದ್ದ ಕಾರಣ ಆ ಅನುಮಾನ ನಮಗೆ ಬರಲಿಲ್ಲ.)

"ಗೊರಕೆ ಹೊಡೀತಾನೆ ಅಷ್ಟೇ"

"ಮುಂಚೆ ಹೇಗಿದ್ದ?" ಎಂದು ಕೇಳಿದೆ. "ಚೆನ್ನಾಗೇ ಇದ್ದ ಡಾಕ್ಟ್ರೇ. ಗೊರಕೆ ಹೊಡೀತಾನೆ ಅಷ್ಟೇ. ಪಗ್ ಅಲ್ವಾ?" ಎಂದರು ತಾಯಿ.

ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಪೀಕಿಂಗೀಸ್ ಥರದ ಚಪ್ಪಟೆ ಮೂಗಿನ ನಾಯಿಗಳಲ್ಲಿ ತಲೆಬುರುಡೆ ಚಿಕ್ಕದಾಗಿದೆ, ಒಳಗಿನ ಮಾಂಸ ಮಾತ್ರ ಚಿಕ್ಕದಾಗಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟು ಕಿರಿದು. ಅಂಗುಳದ ಹಿಂಭಾಗ ಉದ್ದವಾಗಿ ಉಸಿರಿನ ದಾರಿಗೆ ಜೋತುಬಿದ್ದಿರುತ್ತದೆ. ಗಾಳಿ ಆ ಮಾಂಸವನ್ನು ಅಲುಗಿಸಿಕೊಂಡು ಹೋಗುವ ಸದ್ದನ್ನೇ ನಾವು ಗೊರಕೆ ಅನ್ನುತ್ತೇವೆ.

ಇನ್ನಷ್ಟು ಕೇಳಿದೆ. ಮೆಟ್ಟಿಲು ಹತ್ತಿದ ಮೇಲೆ ಎಷ್ಟು ಹೊತ್ತು ಏದುತ್ತಾನೆ? ಹತ್ತು ನಿಮಿಷ. ನೊರೆ ವಾಂತಿ ಮಾಡುತ್ತಾನಾ? ವಾರಕ್ಕೆ ಎರಡು ಸಲ. ಮಲಗುವಾಗ ಗಲ್ಲವನ್ನು ಏನಾದರೂ ಎತ್ತರದ ಮೇಲೆ ಇಟ್ಟುಕೊಳ್ಳುತ್ತಾನಾ? ಮಗಳು ಮೊಬೈಲ್ ತೆಗೆದು ಫೋಟೋ ತೋರಿಸಿದಳು. ಬಾಯಲ್ಲಿ ಆಟಿಕೆ ಕಚ್ಚಿಕೊಂಡು, ತಲೆಯನ್ನು ದಿಂಬಿಗೆ ಒರಗಿಸಿ ಗುಂಡ ಮಲಗಿದ್ದ. "ನೋಡಿ, ಎಷ್ಟು ಮುದ್ದಾಗಿ ಮಲಗ್ತಾನೆ" ಎಂದಳು. ಬಾಯಿ ಮುಚ್ಚಿದರೆ ಉಸಿರು ಸಿಗುವುದಿಲ್ಲ ಎಂದು ನಾಯಿ ಕಂಡುಕೊಂಡ ಉಪಾಯ ಅದು. ಮೆಲ್ಲಗೆ ವಿವರಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅಂದರೆ ಹೊಗೆ ಬರುವ ಮೊದಲೇ ಗುಂಡನ ಉಸಿರಿನ ದಾರಿ ಅರ್ಧ ಮುಚ್ಚಿತ್ತು.

ಮನೆಯ ಕಥೆ

ಸರಿ, ಗುಂಡ ಈಗ ಚೇತರಿಸಿಕೊಂಡಿದ್ದಾನೆ. ಆದರೆ ಅವನು ವಾಪಸು ಹೋಗಬೇಕಾದ್ದು ಅದೇ ಹೊಗೆಯೊಳಗಿನ ಅದೇ ಮನೆಗೆ. ಏನು ನಡೆಯುತ್ತಿದೆ ಎಂದು ತಿಳಿಯದೆ ಕಳಿಸಿದರೆ ಎರಡು ದಿನದಲ್ಲಿ ಮತ್ತೆ ಬರುತ್ತಾನೆ. ಒಂದು ಹಾಳೆ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಿದೆ. ಮೂರು ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಕೇಳಿದೆ.

ಕಿಟಕಿ ಬಾಗಿಲು ಮುಚ್ಚಿದ್ದರು. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಎಸಿಯನ್ನೂ ಆರಿಸಿದ್ದರು! ಹೊರಗಿನ ಹೊಗೆಯನ್ನು ಒಳಗೆ ಎಳೆಯುತ್ತದೆ ಎಂಬ ಭಯ. ಮನೆಯೊಳಗೆ ಮಧ್ಯಾಹ್ನ 33 ಡಿಗ್ರಿ. ರಾತ್ರಿಯೂ ಅದು ಇಳಿಯುತ್ತಿರಲಿಲ್ಲ.

ಮೈಬಿಸಿ 40.1 ಏಕೆ ಎಂಬುದು ಅಲ್ಲಿ ಅರ್ಥವಾಯಿತು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ನಿಮಿಷಕ್ಕೆ 200ಕ್ಕೂ ಜಾಸ್ತಿ ಸಲ ಏದುತ್ತದೆ. ಸೆಖೆಯಾದಷ್ಟೂ ಗಾಳಿ ಜಾಸ್ತಿ ಎಳೆಯುತ್ತದೆ. ಗಾಳಿ ಜಾಸ್ತಿ ಎಳೆದಷ್ಟೂ ಹೊಗೆಯೂ ಜಾಸ್ತಿ ಒಳಗೆ. ಜೋರಾಗಿ ಏದುವಾಗ ಗಾಳಿ ಬಾಯಿಯಿಂದಲೇ ಹೋಗುತ್ತದೆ, ಮೂಗಿನಲ್ಲಿ ಆಗುವ ಅಷ್ಟಿಷ್ಟು ಸೋಸುವಿಕೆಯೂ ಇಲ್ಲ. ಹೊಗೆಯಿಂದ ಗಂಟಲು ಊದುತ್ತದೆ. ಊದಿದ ಗಂಟಲಿನಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ, ಮೈ ತಣಿಯುವುದಿಲ್ಲ. ಮತ್ತೆ ಇನ್ನಷ್ಟು ಏದುಸಿರು. ಗುಂಡ ಮೂರು ದಿನ ಈ ಸುಳಿಯಲ್ಲಿ ಸುತ್ತಿದ್ದ. ಫೋನಿನಲ್ಲಿ "ಮನೆಯೊಳಗೆ ಸೆಖೆ ಎಷ್ಟಿದೆ?" ಎಂದು ಒಂದು ಪ್ರಶ್ನೆ ಕೇಳಿದ್ದರೆ ಅದು ತಪ್ಪುತ್ತಿತ್ತು. ನಾನು ಕೇಳಲಿಲ್ಲ.

ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ಹೊಗೆಯ ದಿನಗಳಲ್ಲಿ ಅದನ್ನು ಧೈರ್ಯವಾಗಿ ಹಾಕಬಹುದು. ಕಿಟಕಿ ಎಸಿಯಲ್ಲಿ ಹೊರಗಾಳಿಯ ಕಿಂಡಿ ಇದ್ದರೆ ಅದನ್ನು ಮುಚ್ಚಿ ಹಾಕಬೇಕು. ಕಿಟಕಿಗೆ ಒಂದೇ ಕೊಳವೆ ಹೋಗುವ, ಉರುಳಿಸಿಕೊಂಡು ಹೋಗುವ ಎಸಿಗಳು ಮಾತ್ರ ತೊಂದರೆ. ಅವು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತವೆ, ಆ ಜಾಗ ತುಂಬಲು ಸಂದುಗಳಿಂದ ಹೊಗೆ ಒಳಗೆ ನುಗ್ಗುತ್ತದೆ. ನೀರು ತುಂಬುವ ಕೂಲರ್ ಹೊರಗಿನ ಗಾಳಿಯನ್ನೇ ಎಳೆದುಕೊಂಡು ಕೆಲಸ ಮಾಡುವಂಥದ್ದು, ಅದು ಬೇಡವೇ ಬೇಡ.

ಎರಡನೆಯದು ಬೆಳಗಿನ ವಾಕಿಂಗ್. ಬಿಸಿಲಿಗೆ ಮೊದಲು, ತಂಪು ಹೊತ್ತಿನಲ್ಲಿ ಎಂದು ಐದೂವರೆಗೆ ಇಪ್ಪತ್ತು ನಿಮಿಷ ನಡೆಸಿದ್ದರು. ಬೇರೆ ದಿನಗಳಲ್ಲಿ ಅದು ಒಳ್ಳೆಯ ಅಭ್ಯಾಸ. ಆದರೆ ರಾತ್ರಿ ನೆಲ ತಣಿದಾಗ ಹೊಗೆ ನೆಲದ ಹತ್ತಿರವೇ ಕೂರುತ್ತದೆ, ತಗ್ಗು ಜಾಗವಾದರೆ ಇನ್ನೂ ಜಾಸ್ತಿ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಕಲಕಿ ಅದು ಮೇಲೇಳುತ್ತದೆ. ಹತ್ತಿರದ ಮಾಪನ ಕೇಂದ್ರದ ಅಂಕಿ ತೆಗೆದು ನೋಡಿದೆವು. ಬೆಳಿಗ್ಗೆ ಐದೂವರೆಗೆ ಪಿಎಂ 2.5 ಘನ ಮೀಟರಿಗೆ 300 ಮೈಕ್ರೋಗ್ರಾಂ, ಹತ್ತೂವರೆಗೆ 140. ಇಡೀ ದಿನದಲ್ಲಿ ಅತಿ ಕೆಟ್ಟ ಹೊತ್ತಿನಲ್ಲೇ ಗುಂಡ ಹೊರಗಿದ್ದ, ಅದೂ ಕುತ್ತಿಗೆ ಪಟ್ಟಿ ಎಳೆಯುತ್ತಾ.

ಪಿಎಂ 2.5 ಎಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಮೂವತ್ತು ಪಟ್ಟು. ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮನುಷ್ಯರಿಗೆ ಇಟ್ಟ ಮಿತಿ ದಿನದ ಸರಾಸರಿ 15 ಮೈಕ್ರೋಗ್ರಾಂ. ನಾನು ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಬದಲು ಮೈಕ್ರೋಗ್ರಾಂ ಲೆಕ್ಕವನ್ನೇ ಹೇಳುತ್ತೇನೆ, ಯಾಕೆಂದರೆ ಒಂದೇ ಎಕ್ಯೂಐ ಸಂಖ್ಯೆಯನ್ನು ಒಂದು ದೇಶ ಸಾಧಾರಣ ಎನ್ನುತ್ತದೆ, ಇನ್ನೊಂದು ಕೆಟ್ಟದ್ದು ಎನ್ನುತ್ತದೆ.

ಮತ್ತೆ ದೂರದ ಮಾತು. ಅರವತ್ತು ಕಿಲೋಮೀಟರ್ ದೂರ ಇದೆಯಲ್ಲ ಎಂದು ಮೊದಲ ದಿನ ಅವರೂ ನಾನೂ ಸಮಾಧಾನ ಪಟ್ಟುಕೊಂಡಿದ್ದೆವು. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನೂರಾರು ಕಿಲೋಮೀಟರ್ ದಾಟಿ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತ್ತು. ಹೊಗೆಗೆ ಅರವತ್ತು ಕಿಲೋಮೀಟರ್ ಏನೂ ಅಲ್ಲ.

ಒಂದು ಕೋಣೆ

ಇಡೀ ಮನೆಯನ್ನು ಕಾಪಾಡುವ ಯೋಚನೆ ಬಿಟ್ಟೆವು. ಒಂದೇ ಕೋಣೆ ಸಾಕು ಎಂದು ತೀರ್ಮಾನಿಸಿದೆವು. ಈ ಪ್ರಕರಣದಲ್ಲಿ ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ ಎಂದು ನಾನು ನಂಬುತ್ತೇನೆ.

ಅವರಲ್ಲಿ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಆಗಲೇ ಇತ್ತು. ಅದನ್ನು ಹಾಲ್‌ನಲ್ಲಿ ಇಟ್ಟಿದ್ದರು. ಪ್ಯೂರಿಫೈಯರ್ ಪೆಟ್ಟಿಗೆಯ ಮೇಲೆ ಸಿಎಡಿಆರ್ ಎಂದು ಒಂದು ಸಂಖ್ಯೆ ಇರುತ್ತದೆ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಶುದ್ಧ ಮಾಡುತ್ತದೆ ಎಂದು. ಕಾಡ್ಗಿಚ್ಚಿನ ಹೊಗೆಗೆ ಸುಲಭದ ಲೆಕ್ಕ ಹೀಗೆ: ಕೋಣೆ ಎಷ್ಟು ಚದರಡಿಯೋ ಸಿಎಡಿಆರ್ ಕೂಡ ಕನಿಷ್ಠ ಅಷ್ಟಿರಬೇಕು. ಅವರ ಯಂತ್ರದ್ದು 130. ಹಾಲ್ 400 ಚದರಡಿ, ಅಡುಗೆಮನೆಗೆ ಬಾಗಿಲೂ ಇಲ್ಲ. ಪಾಪ, ಆ ಯಂತ್ರ ಹಗಲು ರಾತ್ರಿ ಓಡಿದರೂ ಗೆಲ್ಲುವಂತಿರಲಿಲ್ಲ. ಮಗಳ ಕೋಣೆ 110 ಚದರಡಿ, ಎಸಿ ಇದ್ದದ್ದೂ ಅಲ್ಲೇ. ಯಂತ್ರವನ್ನು ಅಲ್ಲಿಗೆ ಎತ್ತಿ ಇಟ್ಟರು. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುರುಳಿ. ಕಿಟಕಿ ಅಂಚಿಗೆ ಟೇಪ್. ಎಸಿ 24 ಡಿಗ್ರಿ.

ನಾನು ಕ್ಲಿನಿಕ್‌ನಲ್ಲಿಟ್ಟಿದ್ದ, ಪಿಎಂ 2.5 ಅಳೆಯುವ ಪುಟ್ಟ ಸೆನ್ಸರ್ ಒಂದನ್ನು ಕೊಟ್ಟು ಕಳಿಸಿದೆ. ಇಂಥವು ಹೊಗೆಯಲ್ಲಿ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ. ಏರುತ್ತಿದೆಯಾ ಇಳಿಯುತ್ತಿದೆಯಾ ಎಂದು ನೋಡಲು ಸಾಕು. ಸಂಜೆ ಮಗಳು ಫೋನ್ ಮಾಡಿದಳು. ಹಾಲ್‌ನಲ್ಲಿ 88, ಕೋಣೆಯಲ್ಲಿ ಒಂದು ಗಂಟೆ ಕಳೆದ ಮೇಲೆ 13. ನನಗೆ ಆಗ ಆದ ಸಮಾಧಾನ ದೊಡ್ಡದು.

ತಾಯಿಗೂ ಹಾಲ್‌ನಲ್ಲಿ ಕೆಮ್ಮು ಬರುತ್ತಿತ್ತು. ಅವರಿಗಾಗಿ ಮಗಳು ಒಂದು ಪೆಟ್ಟಿಗೆ ಫ್ಯಾನಿನ ಸುತ್ತ ಸಣ್ಣ ಕಣ ಹಿಡಿಯುವ ಮರ್ವ್ 13 ದರ್ಜೆಯ ನಾಲ್ಕು ಫಿಲ್ಟರ್‌ಗಳನ್ನು ಟೇಪ್ ಹಾಕಿ ಅಂಟಿಸಿದಳು. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ರೂಪಿಸಿದ ಸರಳ ವಿಧಾನ ಅದು. ಹಳೆಯ ಫ್ಯಾನ್ ಬಳಸಬಾರದು, ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಓಝೋನ್ ಬಿಡುವ ಯಂತ್ರಗಳನ್ನಂತೂ ಮನೆಗೆ ತರಲೇಬೇಡಿ, ಓಝೋನ್ ತಾನೇ ಶ್ವಾಸನಾಳವನ್ನು ಕೆರಳಿಸುತ್ತದೆ.

ಮಗಳು ನಾಯಿಯ ಮಾಸ್ಕ್ ಕೂಡ ತರಿಸಿಟ್ಟಿದ್ದಳು. ಬೇಡವೆಂದೆ. ನಾಯಿಯ ಮುಖಕ್ಕೆ ಯಾವ ಮಾಸ್ಕೂ ಸಂದಿಲ್ಲದೆ ಕೂರುವುದಿಲ್ಲ. ಕೂತರೆ ಬಾಯಿ ತೆರೆದು ಏದಲು ಆಗುವುದಿಲ್ಲ. ಗುಂಡನಂಥ ನಾಯಿಗೆ ಅದು ಜೀವಕ್ಕೇ ಕುತ್ತು. ಮೂಗಿಗೆ ಒದ್ದೆ ಬಟ್ಟೆ ಹಿಡಿಯುವುದೂ ಅಷ್ಟೇ, ಸಣ್ಣ ಕಣ ಅದರಲ್ಲಿ ನಿಲ್ಲುವುದಿಲ್ಲ. ಮನುಷ್ಯರ ಕೆಮ್ಮಿನ ಔಷಧಿ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಕೊಡಬೇಡಿ ಎಂದು ಕಾಗದದಲ್ಲಿ ಬರೆದೇ ಕೊಟ್ಟೆ.

ಹೊರಗೆ ಹೋಗಲೇಬೇಕಾದಾಗ

ಮೂತ್ರಕ್ಕೆ ಮನೆಯೊಳಗೆ ಪ್ಯಾಡ್ ಹಾಸಿದರು. ಗುಂಡ ಮುಟ್ಟಲಿಲ್ಲ. ಆರು ವರ್ಷ ಹೊರಗೇ ಹೋಗಿ ಅಭ್ಯಾಸವಾದವನು, ಹದಿನಾಲ್ಕು ಗಂಟೆ ತಡೆದುಕೊಂಡ. ಹಾಗೆ ಬಿಡುವುದೂ ಸರಿಯಲ್ಲ. ದಿನಕ್ಕೆ ಮೂರು ಸಲ, ಎರಡು ಮೂರು ನಿಮಿಷ ಹೊರಗೆ ಎಂದು ನಿರ್ಧರಿಸಿದೆವು. ಗಡಿಯಾರ ನೋಡಿ ಅಲ್ಲ, ಅಂಕಿ ನೋಡಿ ಹೊತ್ತು ಆರಿಸಬೇಕು. ಬಾಗಿಲವರೆಗೆ ಎತ್ತಿಕೊಂಡು ಹೋಗಿ, ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಹಾಕಿ, ಕೆಲಸ ಮುಗಿದ ಕೂಡಲೇ ಒಳಗೆ. ಬಂದ ಮೇಲೆ ಪಾದ, ಮುಖದ ಮಡಿಕೆ, ಬೆನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಪಗ್‌ನ ಕಣ್ಣು ಹೊರಚಾಚಿರುವುದರಿಂದ ಬೂದಿ ಬೀಳುವುದು ಸುಲಭ, ಕಾರ್ನಿಯಾಕ್ಕೆ ಗಾಯವಾಗಬಹುದು. ಕಣ್ಣು ತೊಳೆಯಲು ಸಲೈನ್ ಕೊಟ್ಟಿದ್ದೆ.

ನಿದ್ದೆಯ ಉಸಿರು

ಮನೆಯವರಿಗೆ ಹೇಳಿದ ಮುಖ್ಯ ಕೆಲಸ ಇದು. ಗುಂಡ ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿ ಇಳಿಯುವುದನ್ನು ಮೂವತ್ತು ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗಿರಬೇಕು. ಎಚ್ಚರವಿದ್ದಾಗಿನ ಲೆಕ್ಕ ನಂಬಲಾಗದು, ಆಟ, ಸೆಖೆ, ಖುಷಿ ಎಲ್ಲವೂ ಅದನ್ನು ಏರಿಸುತ್ತವೆ. ಹೊರಗಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಯಂತ್ರ ಹೇಳುತ್ತದೆ. ಆ ಗಾಳಿ ಈ ನಾಯಿಗೆ ಏನು ಮಾಡುತ್ತಿದೆ ಎಂದು ತಿಳಿಯಲು ಮನೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾಲ್ಕನೇ ದಿನ ರಾತ್ರಿ 38. ಐದನೇ ದಿನ 30. ಮೂರು ದಿನದ ಸ್ಟೀರಾಯ್ಡ್ ಮಾತ್ರೆಯೂ ಸಹಾಯ ಮಾಡುತ್ತಿತ್ತು. ಆರನೇ ದಿನ ರಾತ್ರಿ ಒಮ್ಮೆಲೇ 36! ಹೊರಗಿನ ಹೊಗೆ ಅಂದು ಕಡಿಮೆಯಾಗಿತ್ತು. ಎಲ್ಲಿ ತಪ್ಪಿತು ಎಂದು ಹುಡುಕಿದೆವು. ಸಂಜೆ ಬಾಣಲೆ ಹೊತ್ತಿ ಅಡುಗೆಮನೆ ತುಂಬ ಹೊಗೆಯಾಗಿತ್ತು, ಅದೇ ಹೊತ್ತಿಗೆ ಕೋಣೆಯ ಬಾಗಿಲು ತೆರೆದಿತ್ತು. ಸೆನ್ಸರ್ 160 ಮುಟ್ಟಿತ್ತು. ಜೊತೆಗೆ ಪ್ಯೂರಿಫೈಯರಿನ ಫಿಲ್ಟರ್ ತೆಗೆದು ನೋಡಿದರೆ ಕಪ್ಪಗಾಗಿತ್ತು. ತಿಂಗಳುಗಟ್ಟಲೆ ಬರುವ ಫಿಲ್ಟರ್ ಇಂಥ ದಿನಗಳಲ್ಲಿ ವಾರಕ್ಕೇ ತುಂಬಿಬಿಡಬಹುದು. ಹೊಸದು ಹಾಕಿದರು. ಅಂದಿನಿಂದ ಹುರಿಯುವುದು ಕರಿಯುವುದು ನಿಂತಿತು, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಏಳನೇ ದಿನ 28, ಎಂಟನೇ ದಿನ 24.

ಆ ರಾತ್ರಿ 36 ಕಂಡಾಗ ಅವರು ನನಗೆ ಫೋನ್ ಮಾಡಿ "ಬರಬೇಕಾ?" ಎಂದು ಕೇಳಿದರು. ಒಸಡು ಗುಲಾಬಿಯಾಗಿದೆಯಾ, ಮಲಗಲು ಆಗುತ್ತಿದೆಯಾ, ಹೊಟ್ಟೆ ಎಳೆದು ಉಸಿರಾಡುತ್ತಿದ್ದಾನಾ ಎಂದು ಕೇಳಿದೆ. ಮೂರೂ ಸರಿ ಇತ್ತು. ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ ಎಂದೆ. 32ಕ್ಕೆ ಇಳಿದಿತ್ತು. ಒಸಡು ಬೂದಿ ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ, ಕುತ್ತಿಗೆ ಚಾಚಿ ನಿಂತೇ ಇದ್ದರೆ, ಕುಸಿದು ಬಿದ್ದಿದ್ದರೆ ಎಣಿಸುತ್ತಾ ಕೂರುವ ಮಾತೇ ಇಲ್ಲ, ಕಾರಿನ ಗಾಳಿಯನ್ನು ಒಳಗೇ ತಿರುಗುವಂತೆ ಇಟ್ಟು, ಎಸಿ ಹಾಕಿ ತಕ್ಷಣ ಹೊರಡಬೇಕಿತ್ತು.

ಹೊಗೆ ಹೋದ ಮೇಲೆ

ಒಂಬತ್ತನೇ ದಿನ ಗಾಳಿ ದಿಕ್ಕು ಬದಲಾಯಿತು. ಹೊರಗಿನ ಅಂಕಿ 20ರ ಕೆಳಗೆ ಬಂದ ಮೇಲೆ ಕಿಟಕಿ ತೆರೆದರು. ಹಾಸಿಗೆ, ಪರದೆ ಒಗೆದರು. ವಾಕಿಂಗ್ ತಕ್ಷಣ ಶುರು ಮಾಡಬೇಡಿ ಎಂದೆ. ಹೊಗೆ ಹೋದರೂ ಶ್ವಾಸನಾಳದ ಊತ ಇಳಿಯಲು ದಿನಗಳು ಬೇಕು, ನ್ಯುಮೋನಿಯಾ ಆಗುವುದಾದರೂ ತಡವಾಗಿಯೇ ಕಾಣಿಸುತ್ತದೆ. ಎರಡು ವಾರ ಕಾದು, ಐದು ನಿಮಿಷದಿಂದ ಆರಂಭಿಸಿದರು.

ಐದು ವಾರದ ನಂತರ ಮೂಗಿನ ಹೊಳ್ಳೆ ಅಗಲ ಮಾಡಿ, ಉದ್ದವಾಗಿದ್ದ ಅಂಗುಳವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಆಯಿತು. ಹೊಗೆಯ ನಡುವೆ ಮಾಡಬಹುದಿತ್ತಲ್ಲ ಎಂದು ಮಗಳು ಕೇಳಿದ್ದಳು. ಊದಿದ ಗಂಟಲಿಗೆ ಕತ್ತರಿ ಹಾಕಿದರೆ ಊತ ಇನ್ನೂ ಹೆಚ್ಚುತ್ತದೆ, ಅದಕ್ಕೇ ಕಾದೆವು. ತೂಕ ಇಳಿಸುವ ಕೆಲಸ ನಿಧಾನವಾಗಿ ಸಾಗಿತು. ಏಳು ತಿಂಗಳಿಗೆ 9.1 ಕೆಜಿ. ತಾಯಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು, ಗುಂಡ ಊಟದ ಹೊತ್ತಿಗೆ ಅವರ ಕಾಲ ಹತ್ತಿರ ಬಂದು ಕೂರುತ್ತಿದ್ದ.

ಈಗ ಪ್ರತಿ ತಿಂಗಳ ಮೊದಲ ದಿನ ಮಗಳು ಅವನ ನಿದ್ದೆಯ ಉಸಿರು ಎಣಿಸಿ ಫ್ರಿಜ್‌ನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾಳೆ. ಹೊಗೆ ಇಲ್ಲದ ದಿನ ಗುಂಡನದು 18ರಿಂದ 20. ಒಂದು ಹೊಸ ಫಿಲ್ಟರ್ ಅಲಮಾರಿಯಲ್ಲಿ ಕಾದಿದೆ. ಆಟಿಕೆ ಬಾಯಲ್ಲಿ ಇಲ್ಲದೆಯೂ ಗುಂಡ ಮಲಗುತ್ತಾನೆ, ಗಲ್ಲ ನೆಲಕ್ಕೆ ಇಟ್ಟು. ಅದರ ಫೋಟೋವನ್ನೂ ಕಳಿಸಿದ್ದಾಳೆ.